ಬೆಟ್ಟದ ಏರಿಕೆ, ಬಯಲಿನ ಓಟ: ದೇಹದ ಜಮಾಖರ್ಚು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಕೇಳದವರಿಲ್ಲ. ಬುಡದಲ್ಲಿ ನಿಂತು ನೋಡಿದರೆ ಶಿಖರವು ಕೈಗೆಟುಕುವಂತೆಯೇ ಕಾಣುತ್ತದೆ. ಕಾಲು ಭಾಗ ಏರುವುದರೊಳಗಾಗಿ ಎದೆ ಬಡಿದುಕೊಳ್ಳುತ್ತದೆ, ತೊಡೆಗಳು ಭಾರವಾಗುತ್ತವೆ, ಮಾತು ತುಂಡು ತುಂಡಾಗುತ್ತದೆ. ಪ್ರತಿದಿನವೂ ಮೈದಾನದಲ್ಲಿ ಹತ್ತು ಕಿಲೊಮೀಟರು ಓಡಿ ಪಳಗಿದ ತರುಣನಿಗೂ ಒಮ್ಮೊಮ್ಮೆ ಈ ಗತಿ ತಪ್ಪುವುದಿಲ್ಲ.

ಬೆಟ್ಟ ಹತ್ತುವುದು, ದೂರದ ಓಟ, ಸೈಕಲ್ ಪ್ರವಾಸ, ಕಾಡಿನ ನಡಿಗೆ ಇವೆಲ್ಲದರಲ್ಲಿಯೂ ಒಟ್ಟಿಗೆ ಆಸಕ್ತಿಯಿಟ್ಟ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ಅಪರೂಪವಲ್ಲ. ಒಂದನ್ನು ಹಿಡಿದವರು ಮತ್ತೊಂದನ್ನು ಬಿಡಲೊಲ್ಲರು. ವಾರದಲ್ಲಿ ಐದು ದಿನ ಓಡಿ, ಭಾನುವಾರ ಬೆಟ್ಟವನ್ನೇರಿ, ಸೋಮವಾರ ಮತ್ತೆ ಓಟಕ್ಕೆ ಇಳಿಯುವವರುಂಟು. ಕೆಲವು ವಾರಗಳಲ್ಲಿಯೇ ಮೊಣಕಾಲು ನೋಯುತ್ತದೆ, ನಿದ್ರೆ ಕೆಡುತ್ತದೆ, ಓಟದ ವೇಗ ಹೆಚ್ಚುವ ಬದಲು ಇಳಿಯುತ್ತದೆ. ಆಗ ‘ಅಭ್ಯಾಸ ಸಾಲದು’ ಎಂದು ಬಗೆದು ಇನ್ನಷ್ಟು ಹೆಚ್ಚಿಸುತ್ತಾರೆ. ಇಲ್ಲಿ ಕೆಡುವುದು ಉತ್ಸಾಹ ಮಾತ್ರವೇ ಅಲ್ಲ. ಬಿರುಬಿಸಿಲಿನ ಓಟದಲ್ಲಿಯೂ ಹಿಮಾಲಯದ ಎತ್ತರದಲ್ಲಿಯೂ ಲೆಕ್ಕ ತಪ್ಪಿ ಪ್ರಾಣವನ್ನೇ ತೆತ್ತವರಿದ್ದಾರೆ.

‘ಲೆಕ್ಕ’ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಬೆಟ್ಟವನ್ನು ಏರಿದರೂ ಬಯಲಿನಲ್ಲಿ ಓಡಿದರೂ ಖರ್ಚು ಬೀಳುವುದು ಒಂದೇ ದೇಹದ ಒಂದೇ ಖಾತೆಗೆ. ಆ ಖಾತೆಯ ಜಮಾ ಎಷ್ಟು, ಖರ್ಚು ಎಷ್ಟು, ಖರ್ಚಾದದ್ದು ಮರಳಿ ತುಂಬಲು ಎಷ್ಟು ಕಾಲ ಬೇಕು ಎಂಬುದನ್ನು ಭೌತಶಾಸ್ತ್ರದ ಸಾಮಾನ್ಯ ನಿಯಮಗಳಿಂದ ಬಹುಮಟ್ಟಿಗೆ ತಿಳಿಯಬಹುದು. ಅದನ್ನು ಈಗ ವಿಚಾರ ಮಾಡೋಣ.

ಇಬ್ಬರು ಪ್ರಾಧ್ಯಾಪಕರ ಪರ್ವತಾರೋಹಣ

ಮೊದಲು ಒಂದು ಹಳೆಯ ಪ್ರಯೋಗವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲೀಬಿಗ್‌ನು, ಕೆಲಸ ಮಾಡುವಾಗ ಮಾಂಸಖಂಡಗಳು ತಮ್ಮಲ್ಲಿರುವ ಪ್ರೋಟೀನನ್ನೇ ಸುಟ್ಟು ಶಕ್ತಿಯನ್ನು ಪಡೆಯುತ್ತವೆಂದು ಪ್ರತಿಪಾದಿಸಿದ್ದನು. ಅವನ ಕೀರ್ತಿ ಎಷ್ಟಿತ್ತೆಂದರೆ ಈ ಮತವನ್ನು ಪ್ರಶ್ನಿಸಿದವರು ವಿರಳ. ಜ಼ೂರಿಚ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಇದನ್ನು ಪರೀಕ್ಷಿಸಲು ಪ್ರಯೋಗಶಾಲೆಯನ್ನು ಬಿಟ್ಟು ಬೆಟ್ಟಕ್ಕೆ ಹೊರಟರು.

೧೮೬೫ರ ಆಗಸ್ಟ್ ತಿಂಗಳಲ್ಲಿ ಅವರು ಸ್ವಿಟ್ಜರ್ಲೆಂಡಿನ ಬ್ರೀಂಜ಼್ ಸರೋವರದ ದಡದಿಂದ ಫೌಲ್‌ಹಾರ್ನ್ ಶಿಖರವನ್ನು ಹತ್ತಿದರು. ಸರೋವರದಿಂದ ಶಿಖರಕ್ಕೆ ಇರುವ ಎತ್ತರ ೧೯೫೬ ಮೀಟರು. ಏರಲು ಹಿಡಿದ ಕಾಲ ಸುಮಾರು ೮ ಗಂಟೆ. ಹಿಂದಿನ ದಿನದಿಂದಲೇ ಅವರು ಪ್ರೋಟೀನಿರುವ ಆಹಾರವನ್ನು ಬಿಟ್ಟು, ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಸಕ್ಕರೆ ಬೆರಸಿದ ಚಹಾ ಮುಂತಾದವುಗಳನ್ನು ಮಾತ್ರ ಸೇವಿಸಿದ್ದರು. ಪ್ರೋಟೀನು ದೇಹದಲ್ಲಿ ಉರಿದರೆ ಅದರ ಸಾರಜನಕವು ಮೂತ್ರದಲ್ಲಿ ಹೊರಬೀಳಲೇಬೇಕಷ್ಟೆ. ಆದುದರಿಂದ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ಸಾರಜನಕವನ್ನು ಅಳೆದರು. ಒಬ್ಬೊಬ್ಬರ ದೇಹದಲ್ಲಿಯೂ ಉರಿದ ಪ್ರೋಟೀನು ಸುಮಾರು ೩೭ ಗ್ರಾಂ ಎಂದು ತಿಳಿಯಿತು.

ಈಗ ಲೆಕ್ಕವನ್ನು ನೋಡಿ. ಫಿಕ್‌ನ ತೂಕ ೬೬ ಕಿಲೊಗ್ರಾಂ. ಅಷ್ಟು ಭಾರವನ್ನು ೧೯೫೬ ಮೀಟರು ಎತ್ತಲು ಮಾಡಬೇಕಾದ ಕೆಲಸ ಸುಮಾರು ೧,೨೯,೦೦೦ ಕಿಲೊಗ್ರಾಂ-ಮೀಟರು. ೩೭ ಗ್ರಾಂ ಪ್ರೋಟೀನು ಉರಿದು ಕೊಡಬಹುದಾದ ಶಕ್ತಿಯಾದರೋ ಸುಮಾರು ೬೮,೦೦೦ ಕಿಲೊಗ್ರಾಂ-ಮೀಟರು ಮಾತ್ರ. ಪ್ರೋಟೀನಿನ ದಹನೋಷ್ಣವನ್ನು ಅಳೆದು ಈ ಲೆಕ್ಕವನ್ನು ೧೮೬೬ರಲ್ಲಿ ಪೂರ್ಣಗೊಳಿಸಿದವನು ಇಂಗ್ಲೆಂಡಿನ ಫ್ರಾಂಕ್ಲೆಂಡ್. ಖರ್ಚು ಜಮಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಯಿತು! ಶೂನ್ಯದಿಂದ ಶಕ್ತಿ ಹುಟ್ಟಲಾರದಾದ್ದರಿಂದ, ಆ ಇಬ್ಬರನ್ನು ಶಿಖರಕ್ಕೆ ಮುಟ್ಟಿಸಿದ್ದು ಮುಖ್ಯವಾಗಿ ಅವರು ತಿಂದ ಪಿಷ್ಟ, ಸಕ್ಕರೆ ಮತ್ತು ಕೊಬ್ಬು ಎಂದು ಒಪ್ಪಲೇಬೇಕಾಯಿತು. ಉಗಿಯಂತ್ರದಂತೆಯೇ ಮಾನವದೇಹವೂ ಶಕ್ತಿಯ ನಿತ್ಯತೆಯ ನಿಯಮಕ್ಕೆ ಬದ್ಧವಾದದ್ದು ಎಂಬುದು ಒಂದು ಬೆಟ್ಟದ ಸಹಾಯದಿಂದ ಸ್ಪಷ್ಟವಾಯಿತು.

ಏರಿಕೆಯ ಬೆಲೆ ಮತ್ತು ಓಟದ ಬೆಲೆ

ಇದೇ ಮಾರ್ಗವನ್ನು ಅನುಸರಿಸಿ ೬೦ ಕಿಲೊಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ೧೦೦೦ ಮೀಟರು ಎತ್ತರಕ್ಕೆ ಏರುತ್ತಾನೆಂದು ಇಟ್ಟುಕೊಳ್ಳೋಣ. ಅವನು ಮಾಡುವ ಕೆಲಸ ೬೦,೦೦೦ ಕಿಲೊಗ್ರಾಂ-ಮೀಟರು. ೪೨೭ ಕಿಲೊಗ್ರಾಂ-ಮೀಟರು ಒಂದು ಕಿಲೊಕ್ಯಾಲೊರಿಗೆ ಸಮವಾದ್ದರಿಂದ ಇದು ಸುಮಾರು ೧೪೦ ಕಿಲೊಕ್ಯಾಲೊರಿ. ಇಷ್ಟೇ ಆಗಿದ್ದರೆ ಒಂದೆರಡು ಬಾಳೆಯಹಣ್ಣು ತಿಂದು ಬೆಟ್ಟ ಹತ್ತಬಹುದಾಗಿತ್ತು. ಆದರೆ ಮಾಂಸಖಂಡದ ದಕ್ಷತೆ ಸೇಕಡಾ ೨೫ರ ಆಸುಪಾಸಿನಲ್ಲಿದೆ. ಉರಿದ ನಾಲ್ಕು ಪಾಲಿನಲ್ಲಿ ಒಂದು ಪಾಲು ಮಾತ್ರ ಕೆಲಸವಾಗಿ, ಮಿಕ್ಕ ಮೂರು ಪಾಲು ಶಾಖವಾಗಿ ಹೋಗುತ್ತದೆ. ಆದಕಾರಣ ನಿಜವಾದ ಖರ್ಚು ಸುಮಾರು ೫೬೦ ಕಿಲೊಕ್ಯಾಲೊರಿ.

ಸಮತಲದ ಓಟದ ಲೆಕ್ಕ ಬೇರೆ ಬಗೆಯದು. ಅಲ್ಲಿ ಓಟಗಾರನು ಹೊರಟ ಎತ್ತರದಲ್ಲಿಯೇ ಓಟವನ್ನು ಮುಗಿಸುವುದರಿಂದ ಗುರುತ್ವಕ್ಕೆ ವಿರುದ್ಧವಾಗಿ ಮಾಡಿದ ಕೆಲಸದ ನಿವ್ವಳ ಮೊತ್ತ ಶೂನ್ಯ. ಆದರೂ ಪ್ರತಿ ಹೆಜ್ಜೆಗೂ ದೇಹವು ಮೇಲೇರಿ ಕೆಳಗಿಳಿಯುತ್ತದೆ. ಪಾದ ನೆಲಕ್ಕೆ ತಗುಲಿದಾಗ ವೇಗ ತುಸು ಕುಗ್ಗಿ ಮತ್ತೆ ಹೆಚ್ಚುತ್ತದೆ. ಮಾಂಸಖಂಡವನ್ನು ಎಲುಬಿಗೆ ಕಟ್ಟಿರುವ ಕಂಡರಗಳು, ಅದರಲ್ಲಿಯೂ ಹಿಮ್ಮಡಿಯ ಮೇಲಿರುವ ದಪ್ಪನೆಯ ಕಂಡರವು, ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಈ ಶಕ್ತಿಯ ಒಂದು ಭಾಗವನ್ನು ಹಿಂದಿರುಗಿಸುತ್ತವೆ. ಉಳಿದದ್ದು ಶಾಖವಾಗುತ್ತದೆ. ಇಟಲಿಯ ಮಾರ್ಗಾರಿಯಾ ಮತ್ತು ಅವರ ಸಹೋದ್ಯೋಗಿಗಳು ೧೯೬೩ರಲ್ಲಿ ಪ್ರಕಟಿಸಿದ ಅಳತೆಗಳಿಂದ ಒಂದು ಸುಂದರವಾದ ನಿಯಮ ದೊರೆಯಿತು: ಓಟದಲ್ಲಿ ದೇಹದ ತೂಕದ ಪ್ರತಿ ಕಿಲೊಗ್ರಾಮಿಗೆ, ಪ್ರತಿ ಕಿಲೊಮೀಟರಿಗೆ, ಸುಮಾರು ೧ ಕಿಲೊಕ್ಯಾಲೊರಿ ಖರ್ಚಾಗುತ್ತದೆ. ನಿಧಾನವಾಗಿ ಓಡಿದರೂ ವೇಗವಾಗಿ ಓಡಿದರೂ ಕಿಲೊಮೀಟರಿಗೆ ತಗಲುವ ಬೆಲೆ ಹೆಚ್ಚುಕಡಿಮೆ ಒಂದೇ. ಹೀಗಾಗಿ ನಮ್ಮ ೬೦ ಕಿಲೊಗ್ರಾಮಿನ ವಿದ್ಯಾರ್ಥಿಗೆ ೧೦ ಕಿಲೊಮೀಟರು ಓಟದ ಖರ್ಚು ೬೦೦ ಕಿಲೊಕ್ಯಾಲೊರಿ.

ಎರಡು ಲೆಕ್ಕಗಳನ್ನೂ ಹೋಲಿಸಿದರೆ ೧೦೦೦ ಮೀಟರು ಏರಿಕೆಯೂ ೧೦ ಕಿಲೊಮೀಟರು ಓಟವೂ ಬಹುಮಟ್ಟಿಗೆ ಸಮವೆಂದು ಗೊತ್ತಾಗುವುದು. ಅಂದರೆ ೧೦೦ ಮೀಟರು ಏರಿಕೆ ೧ ಕಿಲೊಮೀಟರು ಓಟಕ್ಕೆ ಸಮ. ಎರಡರಲ್ಲಿಯೂ ತೂಕವು ಗುಣಕವಾಗಿ ಬರುವುದರಿಂದ, ಈ ಸಮೀಕರಣವು ತೆಳ್ಳನೆಯವರಿಗೂ ದಪ್ಪನೆಯವರಿಗೂ ಒಂದೇ ಬಗೆಯಾಗಿ ಅನ್ವಯಿಸುತ್ತದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಯ್‌ಸ್ಮಿತ್‌ನು ೧೮೯೨ರಲ್ಲಿ ನಡಿಗೆಯ ಕಾಲವನ್ನು ಅಂದಾಜು ಮಾಡಲು, ಪ್ರತಿ ೩ ಮೈಲಿಗೆ ಒಂದು ಗಂಟೆ ಮತ್ತು ಏರುವ ಪ್ರತಿ ೨೦೦೦ ಅಡಿಗೆ ಇನ್ನೊಂದು ಗಂಟೆ ಎಂಬ ಸೂತ್ರವನ್ನು ಕೊಟ್ಟನು. ಅವನ ಪ್ರಕಾರ ೧೦೦೦ ಮೀಟರು ಏರಿಕೆ ಸುಮಾರು ೮ ಕಿಲೊಮೀಟರು ನಡಿಗೆಗೆ ಸಮ. ಅವನದು ಕಾಲದ ಲೆಕ್ಕ, ನಮ್ಮದು ಶಕ್ತಿಯ ಲೆಕ್ಕ; ಆದರೂ ಎರಡೂ ಹತ್ತಿರ ಹತ್ತಿರವೇ ಬರುವುದು ಗಮನಾರ್ಹವಾಗಿದೆ. ಮೈಸೂರಿನ ವಾಚಕರು ಚಾಮುಂಡಿ ಬೆಟ್ಟದ ಒಂದು ಮೆಟ್ಟಿಲಿನ ಎತ್ತರವನ್ನು ಅಳೆದು, ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿ, ಆ ಏರಿಕೆ ಎಷ್ಟು ಕಿಲೊಮೀಟರು ಓಟಕ್ಕೆ ಸಮವೆಂದು ತಾವೇ ಕಂಡುಕೊಳ್ಳಬಹುದು.

ಮೊತ್ತಕ್ಕಿಂತ ದರ ಮುಖ್ಯ

ಖರ್ಚು ಸಮವಾಗಿದ್ದರೆ, ಓಟದಲ್ಲಿ ಪಳಗಿದವನು ಬೆಟ್ಟದಲ್ಲಿ ಏದುಸಿರು ಬಿಡುವುದೇಕೆ? ಇಲ್ಲಿ ಒಟ್ಟು ಖರ್ಚನ್ನು ನೋಡಿದರೆ ಸಾಲದು, ಖರ್ಚಿನ ದರವನ್ನು ನೋಡಬೇಕು.

ಆಹಾರವು ದೇಹದಲ್ಲಿ ಉರಿಯಲು ಆಮ್ಲಜನಕ ಬೇಕು. ಒಂದು ಲೀಟರು ಆಮ್ಲಜನಕದಿಂದ ಸುಮಾರು ೫ ಕಿಲೊಕ್ಯಾಲೊರಿ ಶಕ್ತಿ ದೊರೆಯುತ್ತದೆ. ಗಂಟೆಗೆ ೧೦ ಕಿಲೊಮೀಟರು ಓಡುವ ನಮ್ಮ ವಿದ್ಯಾರ್ಥಿಗೆ ನಿಮಿಷಕ್ಕೆ ೧೦ ಕಿಲೊಕ್ಯಾಲೊರಿ, ಎಂದರೆ ೨ ಲೀಟರು ಆಮ್ಲಜನಕ ಬೇಕು. ಆದರೆ ಹೃದಯವು ರಕ್ತದ ಮೂಲಕ ಸಾಗಿಸಬಲ್ಲ ಆಮ್ಲಜನಕಕ್ಕೆ ಒಂದು ಮಿತಿಯುಂಟು. ಮಾಂಸಖಂಡಗಳ ಶಾಖೋತ್ಪತ್ತಿಯ ಸಂಶೋಧನೆಗಾಗಿ ೧೯೨೨ನೆಯ ವರ್ಷದ ನೊಬೆಲ್ ಪಾರಿತೋಷಕವನ್ನು ಪಡೆದ ಇಂಗ್ಲೆಂಡಿನ ಎ. ವಿ. ಹಿಲ್ ಅವರು ಓಟಗಾರರನ್ನು ಪರೀಕ್ಷಿಸಿ ಈ ಮಿತಿಯನ್ನು ಎತ್ತಿ ತೋರಿಸಿದರು. ಆರೋಗ್ಯವಂತನಾದ ಸಾಮಾನ್ಯ ತರುಣನಲ್ಲಿ ಇದು ನಿಮಿಷಕ್ಕೆ, ತೂಕದ ಪ್ರತಿ ಕಿಲೊಗ್ರಾಮಿಗೆ, ಸುಮಾರು ೪೦ ಮಿಲಿಲೀಟರು. ೬೦ ಕಿಲೊಗ್ರಾಮಿಗೆ ೨.೪ ಲೀಟರು ಆಯಿತು. ದೀರ್ಘಾಭ್ಯಾಸದಿಂದ ನುರಿತ ಶ್ರೇಷ್ಠ ಓಟಗಾರರಲ್ಲಿ ಇದು ಸುಮಾರು ಇಮ್ಮಡಿಯಾಗಿರಬಹುದು.

ಆ ವಿದ್ಯಾರ್ಥಿಯು ೧೦೦೦ ಮೀಟರು ಬೆಟ್ಟವನ್ನು ಎರಡು ಗಂಟೆಯಲ್ಲಿ ಏರಿದರೆ ಏರಿಕೆಗೆ ಬೇಕಾದ ಆಮ್ಲಜನಕ ನಿಮಿಷಕ್ಕೆ ಒಂದು ಲೀಟರಿಗೂ ಕಡಿಮೆ. ಒಂದು ಗಂಟೆಯಲ್ಲಿ ಏರಿದರೆ ಸುಮಾರು ೨ ಲೀಟರು. ಅರ್ಧ ಗಂಟೆಯಲ್ಲಿ ಏರುವೆನೆಂದು ಹೊರಟರೆ ೩.೭ ಲೀಟರು ಬೇಕಾಗುತ್ತದೆ. ಅಷ್ಟನ್ನು ಒದಗಿಸುವುದು ಅವನ ಹೃದಯಕ್ಕೆ ಸಾಧ್ಯವೇ ಇಲ್ಲ. ಆಮ್ಲಜನಕವಿಲ್ಲದೆಯೂ ಮಾಂಸಖಂಡವು ಸ್ವಲ್ಪ ಕೆಲಸ ಮಾಡಬಲ್ಲದು. ಆದರೆ ಆ ಕೈಗಡ ಕೆಲವು ನಿಮಿಷಗಳಿಗೆ ಮಾತ್ರ. ಬಯಲಿನಲ್ಲಿ ಓಡುವವನು ತನ್ನ ವೇಗವನ್ನು ತಾನೇ ಅರಿತಿರುತ್ತಾನೆ. ಬೆಟ್ಟದಲ್ಲಾದರೋ ಇಳಿಜಾರು ಕಡಿದಾದಂತೆ, ಹೆಜ್ಜೆಯ ವೇಗ ಅಷ್ಟೇ ಇದ್ದರೂ, ಖರ್ಚಿನ ದರ ತಾನಾಗಿ ಏರಿಬಿಡುತ್ತದೆ. ಏದುಸಿರಿಗೆ ಕಾರಣ ಇದೇ.

ದರವನ್ನು ಹಿಡಿತದಲ್ಲಿಟ್ಟುಕೊಂಡರೆ ಏನನ್ನು ಸಾಧಿಸಬಹುದೆಂಬುದಕ್ಕೆ ಬಾಬ್ ಗ್ರಹಾಮ್‌ನ ಉದಾಹರಣೆ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಸರೋವರ ಪ್ರಾಂತದ ಕೆಜ಼್ವಿಕ್ ಪಟ್ಟಣದಲ್ಲಿ ಅತಿಥಿಗೃಹವನ್ನು ನಡೆಸುತ್ತಿದ್ದ ಈತನು ೧೯೩೨ರ ಜೂನ್ ತಿಂಗಳಲ್ಲಿ ೨೪ ಗಂಟೆಗಳೊಳಗೆ ೪೨ ಬೆಟ್ಟಗಳನ್ನು ಹತ್ತಿ ಇಳಿದು ಹೊರಟ ಸ್ಥಳಕ್ಕೆ ಹಿಂದಿರುಗಿದನು. ದಾರಿಯ ಉದ್ದ ಸುಮಾರು ೧೦೬ ಕಿಲೊಮೀಟರು. ಒಟ್ಟು ಏರಿಕೆ ಸುಮಾರು ೮,೨೦೦ ಮೀಟರು. ಆ ಸುತ್ತನ್ನು ೨೪ ಗಂಟೆಗಳೊಳಗೆ ಮತ್ತೊಬ್ಬರು ಮುಗಿಸಿದ್ದು ೨೮ ವರ್ಷಗಳ ಬಳಿಕ, ೧೯೬೦ರಲ್ಲಿ. ನಮ್ಮ ಸಮೀಕರಣದಂತೆ ಏರಿಕೆಯೊಂದೇ ೮೨ ಕಿಲೊಮೀಟರು ಓಟಕ್ಕೆ ಸಮ. ಮೊತ್ತವೇನೋ ಭಯಂಕರವಾಗಿದೆ. ಆದರೆ ೨೪ ಗಂಟೆಗೆ ಹಂಚಿದರೆ ಗಂಟೆಗೆ ಬೀಳುವುದು ಸುಮಾರು ೩೪೦ ಮೀಟರು ಏರಿಕೆ. ೬೦ ಕಿಲೊಗ್ರಾಮಿನ ಒಬ್ಬನಿಗೆ ಇದು ೫೬ ವಾಟ್. ಒಂದು ಹಳೆಯ ೬೦ ವಾಟಿನ ವಿದ್ಯುದ್ದೀಪವು ಇದಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುತ್ತಿತ್ತು! ಯಾವ ಒಂದು ಗಂಟೆಯಲ್ಲಿಯೂ ಮಿತಿಮೀರದೆ, ಆದರೆ ಯಾವ ಗಂಟೆಯಲ್ಲಿಯೂ ನಿಲ್ಲದೆ ನಡೆದದ್ದರಲ್ಲಿ ಈ ಸಾಹಸದ ರಹಸ್ಯವಿದೆ.

ಎರಡು ಉಗ್ರಾಣಗಳು

ದೇಹದಲ್ಲಿ ಇಂಧನವನ್ನು ಕೂಡಿಡುವ ಉಗ್ರಾಣಗಳು ಎರಡು. ಒಂದು, ಮಾಂಸಖಂಡ ಮತ್ತು ಯಕೃತ್ತುಗಳಲ್ಲಿರುವ ಗ್ಲೈಕೊಜೆನ್ ಎಂಬ ಪಿಷ್ಟದಂಥ ವಸ್ತು, ಇನ್ನೊಂದು ಕೊಬ್ಬು. ಗ್ಲೈಕೊಜೆನ್ ಸುಮಾರು ೪೫೦ ಗ್ರಾಂ ಇದ್ದರೆ ಅದರಿಂದ ೧,೮೦೦ ಕಿಲೊಕ್ಯಾಲೊರಿ ದೊರೆಯುತ್ತದೆ. ಕೊಬ್ಬಾದರೋ ತೆಳ್ಳನೆಯ ಯುವಕನಲ್ಲಿಯೂ ೬ ಕಿಲೊಗ್ರಾಂ ಇರಬಹುದು. ಅದರಲ್ಲಿ ಅಡಗಿರುವ ಶಕ್ತಿ ೫೦,೦೦೦ ಕಿಲೊಕ್ಯಾಲೊರಿಗೂ ಮೀರಿದ್ದು. ಆದರೆ ಕೊಬ್ಬಿನ ಉಗ್ರಾಣದ ಬಾಗಿಲು ಕಿರಿದು. ಅಲ್ಲಿಂದ ಶಕ್ತಿ ಹೊರಬರುವ ದರ ಕಡಿಮೆ. ನಡಿಗೆಗೂ ನಿಧಾನವಾದ ಏರಿಕೆಗೂ ಅದು ಸಾಕು, ವೇಗದ ಓಟಕ್ಕೆ ಸಾಲದು. ವೇಗ ಹೆಚ್ಚಿದಷ್ಟೂ ದೇಹವು ಗ್ಲೈಕೊಜೆನ್ನಿಗೆ ಕೈಹಾಕುತ್ತದೆ.

ಮ್ಯಾರಥಾನ್ ಓಟದ ದೂರ ೪೨.೧೯೫ ಕಿಲೊಮೀಟರು. ೬೦ ಕಿಲೊಗ್ರಾಮಿನ ಓಟಗಾರನಿಗೆ ಅದರ ಬೆಲೆ ಸುಮಾರು ೨,೫೦೦ ಕಿಲೊಕ್ಯಾಲೊರಿ. ೧,೮೦೦ ಕಿಲೊಕ್ಯಾಲೊರಿಯ ಗ್ಲೈಕೊಜೆನ್ ಒಂದನ್ನೇ ಸುಟ್ಟರೆ ೩೦ ಕಿಲೊಮೀಟರಿಗೆ ಮುಗಿದುಹೋಗುತ್ತದೆ. ಆರಂಭದಲ್ಲಿ ಅತಿವೇಗವಾಗಿ ಓಡಿದ ಅನೇಕರು ೩೦-೩೫ ಕಿಲೊಮೀಟರಿನಲ್ಲಿ ಗೋಡೆಗೆ ಡಿಕ್ಕಿ ಹೊಡೆದವರಂತೆ ನಿಂತುಬಿಡುವುದು ಇದರಿಂದಲೇ.

ಬರಿದಾದ ಉಗ್ರಾಣ ಮತ್ತೆ ತುಂಬುವುದೆಂದು? ೧೯೬೬ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬ ವಿಜ್ಞಾನಿಗಳು ತಮ್ಮ ಮೇಲೆಯೇ ಒಂದು ಪ್ರಯೋಗ ನಡೆಸಿದರು. ನಿಂತಲ್ಲಿಯೇ ತುಳಿಯುವ ಒಂದು ಸೈಕಲ್ಲಿನ ಎರಡು ಪಕ್ಕಗಳಲ್ಲಿ ಕುಳಿತು, ಒಬ್ಬರು ಬಲಗಾಲಿನಿಂದಲೂ ಇನ್ನೊಬ್ಬರು ಎಡಗಾಲಿನಿಂದಲೂ ಆಯಾಸವಾಗುವವರೆಗೆ ತುಳಿದರು. ಅನಂತರ ಮೂರು ದಿನ ಪಿಷ್ಟ ಹೇರಳವಾಗಿರುವ ಆಹಾರವನ್ನು ಸೇವಿಸುತ್ತ, ತೊಡೆಯ ಮಾಂಸಖಂಡದಿಂದ ಸೂಜಿಯ ಮೂಲಕ ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷಿಸಿದರು. ತುಳಿದ ಕಾಲಿನಲ್ಲಿ ಗ್ಲೈಕೊಜೆನ್ ತುಂಬಿದ್ದಷ್ಟೇ ಅಲ್ಲ, ಸುಮ್ಮನಿದ್ದ ಕಾಲಿನಲ್ಲಿದ್ದುದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ಶ್ರಮವು ಉಗ್ರಾಣವನ್ನು ಹಿಗ್ಗಿಸುತ್ತದೆ, ನಿಜ. ಆದರೆ ಅದು ತುಂಬುವುದು ಊಟ ಮತ್ತು ವಿಶ್ರಾಂತಿಯ ಕಾಲದಲ್ಲಿ. ವಿಶ್ರಾಂತಿಯ ದಿನವನ್ನು ಕಳೆದುಹೋದ ದಿನವೆಂದು ಎಣಿಸುವ ವಿದ್ಯಾರ್ಥಿಗಳು ಈ ಒಂದು ಪ್ರಯೋಗವನ್ನು ನೆನಪಿನಲ್ಲಿಡತಕ್ಕದ್ದು.

ಶಾಖದ ವಿಲೇವಾರಿ

ನಿಮಿಷಕ್ಕೆ ೧೦ ಕಿಲೊಕ್ಯಾಲೊರಿ ಖರ್ಚು ಮಾಡುತ್ತ ಓಡುವವನಲ್ಲಿ ಕಡೆಗೆ ಅದೆಲ್ಲವೂ ಶಾಖವಾಗುತ್ತದೆ. ೬೦ ಕಿಲೊಗ್ರಾಮಿನ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ೫೦ ಕಿಲೊಕ್ಯಾಲೊರಿ ಸಾಕು. ಆದುದರಿಂದ ಶಾಖವು ಹೊರಹೋಗದೆ ಒಳಗೇ ಉಳಿದರೆ ಐದೈದು ನಿಮಿಷಕ್ಕೆ ಒಂದೊಂದು ಡಿಗ್ರಿ ಏರಬೇಕು. ಅರ್ಧ ಗಂಟೆಯೊಳಗೆ ಪ್ರಾಣ ಹೋಗಬೇಕು! ಹಾಗಾಗದಂತೆ ನಮ್ಮನ್ನು ಕಾಪಾಡುವುದು ಮುಖ್ಯವಾಗಿ ಬೆವರು. ಒಂದು ಲೀಟರು ಬೆವರು ಆರಿಹೋಗುವಾಗ ಸುಮಾರು ೫೮೦ ಕಿಲೊಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಎಂದರೆ ಒಂದು ಗಂಟೆಯ ಓಟದ ಶಾಖಕ್ಕೆ ಹೆಚ್ಚುಕಡಿಮೆ ಒಂದು ಲೀಟರು ಬೆವರು ಬೇಕು.

ಬೆವರು ಆರಬೇಕೆಂಬುದನ್ನು ಇಲ್ಲಿ ಮರೆಯಬಾರದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹ ತಂಪಾಗದು. ಬಳ್ಳಾರಿಯ ಒಣಹವೆಯಲ್ಲಿ ಬೆವರು ಬೇಗ ಆರುತ್ತದೆ; ಮಂಗಳೂರಿನಂಥ ಕರಾವಳಿಯಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಮೈ ತೋಯುತ್ತದೆಯೇ ಹೊರತು ಶಾಖ ಕಳೆಯುವುದಿಲ್ಲ. ಆದಕಾರಣ ಸೆಕೆಯ ದಿನಗಳಲ್ಲಿ ಎಂದಿನ ವೇಗವನ್ನು ಹಟದಿಂದ ಕಾಯ್ದುಕೊಳ್ಳುವುದು ಅಪಾಯ. ಒಳಗಿನ ಉಷ್ಣತೆ ೪೦ ಡಿಗ್ರಿ ಮೀರಿ, ಓಟಗಾರನು ತಡವರಿಸತೊಡಗಿದರೆ, ಅಸಂಬದ್ಧವಾಗಿ ಮಾತಾಡತೊಡಗಿದರೆ, ಅದು ಶಾಖಾಘಾತ. ಅವನನ್ನು ಕೂಡಲೇ ನೆರಳಿಗೆ ತಂದು, ತಣ್ಣೀರಿನಿಂದ ಮೈಯನ್ನೆಲ್ಲ ತೋಯಿಸಿ, ಗಾಳಿ ಬೀಸುತ್ತ, ಆಸ್ಪತ್ರೆಗೆ ಸಾಗಿಸಬೇಕು. ತಂಪು ಮಾಡುವುದೇ ಮೊದಲ ಚಿಕಿತ್ಸೆ. ನೀರಿನ ವಿಷಯದಲ್ಲಿಯೂ ಅತಿ ಸಲ್ಲದು. ಬಾಯಾರಿಕೆಯನ್ನು ಮೀರಿ ಬರಿಯ ನೀರನ್ನು ಗಂಟೆಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಪ್ರಾಣಾಪಾಯ ಸಂಭವಿಸಬಹುದು.

ಬೆಟ್ಟದ ಮೇಲೆ ಇದೇ ಬೆವರು ಶತ್ರುವಾಗುವುದೂ ಉಂಟು. ಏರುವಾಗ ಒದ್ದೆಯಾದ ಬಟ್ಟೆಯಲ್ಲಿಯೇ ಶಿಖರದ ಗಾಳಿಗೆ ಕುಳಿತರೆ, ಶಾಖದ ಉತ್ಪತ್ತಿ ನಿಂತಿದ್ದರೂ ನಷ್ಟ ಮುಂದುವರಿಯುತ್ತದೆ. ಒಣಗಿದ ಒಂದು ಅಂಗಿಯೂ ಗಾಳಿ ತಡೆಯುವ ಒಂದು ಹೊದಿಕೆಯೂ ಚೀಲದಲ್ಲಿರುವುದು ಲೇಸು.

ತೆಳುವಾದ ಗಾಳಿ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ೨,೦೦೦ ಮೀಟರನ್ನು ಮುಟ್ಟುವುದಿಲ್ಲ. ಅಷ್ಟರವರೆಗೆ ಮೇಲಿನ ಲೆಕ್ಕಗಳೇ ಬಹುಮಟ್ಟಿಗೆ ಸಾಕು. ಆದರೆ ಇಲ್ಲಿಯ ಬೆಟ್ಟಗಳಲ್ಲಿ ಪಳಗಿ ಹಿಮಾಲಯಕ್ಕೆ ಹೊರಡುವ ವಿದ್ಯಾರ್ಥಿಗಳು ಒಂದು ಹೊಸ ಸಂಗತಿಯನ್ನು ಎದುರಿಸಬೇಕಾಗುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಸೇಕಡಾ ೨೧ ಇದ್ದರೂ ಎತ್ತರ ಹೋದಂತೆ ಗಾಳಿಯ ಒತ್ತಡವೇ ಕುಗ್ಗುತ್ತದೆ. ಸುಮಾರು ೫,೫೦೦ ಮೀಟರಿನಲ್ಲಿ ಅದು ಸಮುದ್ರಮಟ್ಟದ ಅರ್ಧದಷ್ಟು. ೧೯೮೧ರಲ್ಲಿ ಅಮೆರಿಕದ ವೈದ್ಯಕೀಯ ಸಂಶೋಧಕರ ತಂಡವೊಂದು ಎವರೆಸ್ಟಿನ ನೆತ್ತಿಯಲ್ಲಿ ಅಳೆದ ಒತ್ತಡ ೨೫೩ ಮಿಲಿಮೀಟರು ಪಾದರಸ. ಸಮುದ್ರಮಟ್ಟದಲ್ಲಿ ಅದು ೭೬೦. ಅಲ್ಲಿ ಹೃದಯ ಒದಗಿಸಬಲ್ಲ ಆಮ್ಲಜನಕವು ಕೆಳಗಿನ ನಾಲ್ಕನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ೧೯೫೩ರ ಮೇ ೨೯ರಂದು ತೇನಸಿಂಗ್ ಮತ್ತು ಹಿಲರಿ ಆಮ್ಲಜನಕದ ಸಿಲಿಂಡರುಗಳೊಡನೆ ಶಿಖರವನ್ನು ಮುಟ್ಟಿದರು. ಸಿಲಿಂಡರಿಲ್ಲದೆ ಮೊದಲು ಮುಟ್ಟಿದವರು ಮೆಸ್ನರ್ ಮತ್ತು ಹಾಬೆಲರ್. ಅದು ೧೯೭೮ರ ಮೇ ೮ರಂದು.

ದೇಹವು ಎತ್ತರಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ತನ್ನದೇ ಗತಿಯಲ್ಲಿ. ಮೊದಲ ದಿನಗಳಲ್ಲಿ ಉಸಿರಾಟ ಹೆಚ್ಚುತ್ತದೆ. ರಕ್ತದ ಕೆಂಪುಕಣಗಳು ಹೆಚ್ಚಲು ವಾರಗಳೇ ಬೇಕು. ಇಲ್ಲಿಯೇ ಚುರುಕಾದ ಓಟಗಾರರು ಮೋಸಹೋಗುವುದು. ಅವರ ಕಾಲುಗಳು ಬೇಗ ಮೇಲೆ ಒಯ್ಯುತ್ತವೆ, ದೇಹ ಒಗ್ಗುವುದು ಮಾತ್ರ ಬೇಗ ಆಗುವುದಿಲ್ಲ. ಓಟದ ಸಾಮರ್ಥ್ಯವು ಎತ್ತರದ ಕಾಯಿಲೆಯಿಂದ ಯಾರನ್ನೂ ರಕ್ಷಿಸದು. ೩,೦೦೦ ಮೀಟರಿನ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ತಂಗಬೇಕು ಎಂಬುದು ಸಾಮಾನ್ಯವಾಗಿ ಅಂಗೀಕೃತವಾದ ನಿಯಮ. ತಲೆನೋವು, ವಾಕರಿಕೆ ಕಂಡರೆ ಮೇಲೇರುವುದನ್ನು ನಿಲ್ಲಿಸಬೇಕು. ನಡಿಗೆ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಜೊತೆಯಿಟ್ಟುಕೊಂಡು ಕೆಳಗಿಳಿಸಬೇಕು.

ಇಳಿಜಾರಿನ ಸಾಲ

ಏರಿದವನು ಇಳಿಯಲೇಬೇಕು. ಇಳಿಯುವಾಗ ಉಸಿರಿಗೆ ಕಷ್ಟವಿಲ್ಲ. ಆದರೆ ಮರುದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಇದೇಕೆ?

೧೯೫೨ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್‌ಲೆಂಡ್ ಮತ್ತು ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಒಂದೇ ಸರಪಣಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿದರೆ ಇನ್ನೊಬ್ಬರು ಹಿಂದಕ್ಕೆ ತಿರುಗುವ ತುಳಿಗಳನ್ನು ತಡೆಯಬೇಕು. ಇಬ್ಬರ ಕಾಲುಗಳಲ್ಲಿಯೂ ಬಲ ಒಂದೇ. ಆದರೂ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಬಹಳ ಕಡಿಮೆಯೆಂದು ಕಂಡುಬಂದಿತು. ಬೆಟ್ಟ ಇಳಿಯುವಾಗ ನಮ್ಮ ತೊಡೆಗಳು ಮಾಡುವುದೂ ಈ ತಡೆಯುವ ಕೆಲಸವನ್ನೇ. ಅಲ್ಲಿ ಮಾಂಸಖಂಡವು ಬಿಗಿದುಕೊಂಡಿರುವಾಗಲೇ ಹಿಗ್ಗಿಸಲ್ಪಡುತ್ತದೆ. ಇಂಧನ ಉಳಿಯುತ್ತದೆ, ಆದರೆ ಸೂಕ್ಷ್ಮ ತಂತುಗಳು ಹರಿಯುತ್ತವೆ. ನೋವು ಒಂದೆರಡು ದಿನಗಳ ಬಳಿಕ ಹೆಚ್ಚಾಗುತ್ತದೆ. ಒಮ್ಮೆ ಮಿತವಾಗಿ ಇಳಿಜಾರನ್ನು ಅಭ್ಯಾಸ ಮಾಡಿದರೆ ಮುಂದಿನ ಕೆಲವು ವಾರಗಳವರೆಗೆ ಈ ಹಾನಿ ಕಡಿಮೆಯಾಗುತ್ತದೆಂಬುದು ಸಮಾಧಾನದ ಸಂಗತಿ.

ಸಮತೋಲದ ಸೂತ್ರ

ಈಗ ಖಾತೆಯನ್ನು ಮುಗಿಸೋಣ. ಖರ್ಚಾದುದೆಲ್ಲ ಒಂದೇ ಕಾಲದಲ್ಲಿ ಹಿಂದಿರುಗುವುದಿಲ್ಲ.  ಉಸಿರು ನಿಮಿಷಗಳಲ್ಲಿ ಹಿಂದಿರುಗುತ್ತದೆ. ಬರಿದಾದ ಗ್ಲೈಕೊಜೆನ್ ತುಂಬಲು ಒಂದು ದಿನವೋ ಅದಕ್ಕಿಂತ ಹೆಚ್ಚೋ ಬೇಕು. ಇಳಿಜಾರಿನಲ್ಲಿ ಹರಿದ ತಂತುಗಳಿಗೆ ಹಲವು ದಿನಗಳು ಬೇಕು. ಕಂಡರಗಳೂ ಎಲುಬುಗಳೂ ಹೊಸ ಹೊರೆಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸುಧಾರಿಸಿತೆಂಬ ಧೈರ್ಯದ ಮೇಲೆ ಹೊರೆಯನ್ನು ಹೆಚ್ಚಿಸುತ್ತ ಹೋದವರ ಮೊಣಕಾಲು, ಹಿಮ್ಮಡಿಗಳು ಮೊದಲು ಸೋಲುವುದು ಈ ಅಂತರದಿಂದಲೇ. ಬಂಡೆ ಹತ್ತುವವರ ಬೆರಳುಗಳಿಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ವಾರದ ಏರಿಕೆಯನ್ನೂ ಓಟವನ್ನೂ ಒಂದೇ ನಾಣ್ಯದಲ್ಲಿ ಎಣಿಸುವುದು ಉಚಿತ. ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿಯು ವಾರಕ್ಕೆ ೩೦ ಕಿಲೊಮೀಟರು ಓಡಿ ಸುಖವಾಗಿದ್ದಾಳೆ ಎನ್ನೋಣ. ಭಾನುವಾರ ೮೦೦ ಮೀಟರು ಬೆಟ್ಟ ಹತ್ತಬೇಕೆಂದಿದ್ದರೆ ಅದು ೮ ಕಿಲೊಮೀಟರಿಗೆ ಸಮ. ಆ ವಾರ ಓಟವನ್ನು ೨೨ಕ್ಕೆ ಇಳಿಸಿದರೆ ಖರ್ಚು ಸರಿಹೋಯಿತು. ಇಳಿಜಾರಿನ ಹಾನಿ ಈ ಲೆಕ್ಕಕ್ಕೆ ಸಿಕ್ಕದಿರುವುದರಿಂದ ಸೋಮವಾರ ಪೂರ್ಣ ವಿಶ್ರಾಂತಿಯೂ ಮಂಗಳವಾರ ಬರಿಯ ನಡಿಗೆಯೂ ಇರಲಿ. ದೀರ್ಘವಾದ ಓಟವನ್ನು ಬೆಟ್ಟದ ದಿನದಿಂದ ಮೂರು ದಿನವಾದರೂ ದೂರವಿಡಬೇಕು. ಉಳಿದ ಓಟಗಳು ಜೊತೆಯವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡಬಲ್ಲಷ್ಟು ನಿಧಾನವಾಗಿರಲಿ. ಆಮ್ಲಜನಕದ ಮಿತಿಯೊಳಗೆ ಇದ್ದೇವೆಂಬುದಕ್ಕೆ ಇದಕ್ಕಿಂತ ಅಗ್ಗವಾದ ಉಪಕರಣ ಬೇರೊಂದಿಲ್ಲ. ಮೊತ್ತವನ್ನು ಹೆಚ್ಚಿಸುವುದಾದರೆ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ನಡುನಡುವೆ ಒಂದು ಹಗುರವಾದ ವಾರವನ್ನು ಇಟ್ಟುಕೊಳ್ಳಬೇಕು. ಪರೀಕ್ಷೆಯ ದಿನಗಳಲ್ಲಿ ನಿದ್ರೆ ಕಡಿಮೆಯಾದರೆ ಹೊರೆಯನ್ನೂ ಕಡಿಮೆ ಮಾಡುವುದು ನ್ಯಾಯ. ರಕ್ತಹೀನತೆ, ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರ ಸಲಹೆಯನ್ನು ಪಡೆದೇ ಹೊರಡಬೇಕು. ಆಮ್ಲಜನಕವನ್ನು ಸಾಗಿಸುವ ಬಂಡಿಯೇ ದುರ್ಬಲವಾಗಿರುವಾಗ ಮೇಲಿನ ಅಂಕಿಗಳು ಅವರಿಗೆ ಅನ್ವಯಿಸಲಾರವು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೇಹದ ವಿಷಯದಲ್ಲಿ ಈ ಹಾಸಿಗೆಗೆ ಒಂದು ವಿಶೇಷ ಗುಣವಿದೆ: ಕ್ರಮವಾಗಿ ಶ್ರಮಿಸಿ ಕ್ರಮವಾಗಿ ವಿಶ್ರಮಿಸುವವರಿಗೆ ಅದು ವರ್ಷದಿಂದ ವರ್ಷಕ್ಕೆ ತಾನೇ ಉದ್ದವಾಗುತ್ತ ಹೋಗುತ್ತದೆ. ಈ ವರ್ಷ ಏದುಸಿರು ಬರಿಸಿದ ಬೆಟ್ಟವನ್ನು ಮುಂದಿನ ವರ್ಷ ಅದೇ ವಿದ್ಯಾರ್ಥಿಯು ಮಾತಾಡುತ್ತ ಏರಬಲ್ಲನು. ಮುಂದಿನ ರಜೆಯಲ್ಲಿ ಬೆಟ್ಟಕ್ಕೆ ಹೊರಡುವ ವಾಚಕರು ತಮ್ಮ ತೂಕ, ಏರಿದ ಎತ್ತರ ಮತ್ತು ಹಿಡಿದ ಕಾಲವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ತಾವು ಎಷ್ಟು ವಾಟ್ ಸಾಮರ್ಥ್ಯದ ಯಂತ್ರವೆಂದು ಲೆಕ್ಕ ಹಾಕಲಿ. ಫಿಕ್ ಪ್ರಾಧ್ಯಾಪಕನ ಅಂಕಿ ಸುಮಾರು ೪೪ ವಾಟ್ ಆಗಿತ್ತು.